ಆತ್ಮರಕ್ಷಣೆಗೆ ಆಯುಧ

ಆತ್ಮರಕ್ಷಣೆಯು ಸರ್ವ ಪ್ರಾಣಿಗಳಿಗೂ ಸಹಜವಾದದ್ದು. ಎಮ್ಮೆಗೆ ಕೊಂಬನ್ನೂ ಹಾವಿಗೆ ವಿಷದ ಹಲ್ಲನ್ನೂ ಮುಳ್ಳುಹಂದಿಗೆ ಮೈತುಂಬ ಮುಳ್ಳನ್ನೂ ಕೊಟ್ಟ ಸೃಷ್ಟಿಕರ್ತನು ಮನುಷ್ಯನನ್ನು ಬರಿಗೈಯಲ್ಲಿ ಕಳುಹಿಸಿದನು. ಆದುದರಿಂದ ಅವನು ಆಯುಧವನ್ನು ಹುಡುಕಿಕೊಳ್ಳಬೇಕಾಯಿತು. ಎಮ್ಮೆಯು ತನ್ನ ಕೊಂಬನ್ನು ರಾತ್ರಿ ಎಲ್ಲಿ ಇಡಬೇಕೆಂದು ಯೋಚಿಸಬೇಕಾಗಿಲ್ಲ. ಕರುವು ಅದನ್ನು ಎತ್ತಿಕೊಂಡು ಆಡೀತೆಂಬ ಭಯವೂ ಅದಕ್ಕಿಲ್ಲ. ಮನುಷ್ಯನಿಗೆ ಈ ಎರಡು ಚಿಂತೆಗಳೂ ಉಂಟು. ಆಯುಧದ ಅಳತೆಯನ್ನು ವಿಚಾರಿಸುವವರು ಈ ಚಿಂತೆಗಳನ್ನು ಮರೆಯುವುದುಂಟಾದ ಕಾರಣ, ಎರಡನ್ನೂ ಕೂಡಿಸಿ ನಾಲ್ಕು ಮಾತು ಬರೆಯಲು ತೊಡಗಿದ್ದೇವೆ.

ಕಳೆದ ಪುಷ್ಯಮಾಸದಲ್ಲಿ, ಸಕಲೇಶಪುರದ ಮೇಲಣ ತೋಟಗಳಲ್ಲಿ ಕಾಫಿಹಣ್ಣಿನ ಕೊಯ್ಲು ಭರದಿಂದ ನಡೆಯುತ್ತಿದ್ದಾಗ, ನಮ್ಮ ಹಳೆಯ ಶಿಷ್ಯರೊಬ್ಬರು ಪತ್ನೀಸಮೇತರಾಗಿ ಆಲೂರಿನ ನಮ್ಮ ಮನೆಗೆ ಬಂದರು. ಅವರು ಹದಿನೆಂಟು ಎಕರೆ ಕಾಫಿತೋಟದ ಒಡೆಯರು. ವಾರಕ್ಕೊಮ್ಮೆ ಪೇಟೆಯ ಬ್ಯಾಂಕಿನಿಂದ ಆಳುಗಳ ಬಟವಾಡೆಯ ಹಣವನ್ನು ತೆಗೆದುಕೊಂಡು, ಮುಚ್ಚಂಜೆಯಲ್ಲಿ ಒಂಟಿಯಾಗಿ ಜೀಪು ನಡೆಸಿಕೊಂಡು ಬೆಟ್ಟದ ದಾರಿಯನ್ನು ಹತ್ತತಕ್ಕವರು. ಹಿಂದಿನ ವಾರ ದಾರಿಯ ತಿರುವೊಂದರಲ್ಲಿ ಇಬ್ಬರು ಅಪರಿಚಿತರು ಮರದ ಕೊಂಬೆಯನ್ನು ಅಡ್ಡವಿಟ್ಟು ಗಾಡಿಯನ್ನು ತಡೆಯಲು ನೋಡಿದರಂತೆ. ಇವರು ನಿಲ್ಲಿಸದೆ ಕೊಂಬೆಯ ಮೇಲೆಯೇ ಜೀಪನ್ನು ಹತ್ತಿಸಿ ಪಾರಾಗಿ ಬಂದರು. ಅಂದಿನಿಂದ ರಾತ್ರಿಗಳಲ್ಲಿ ನಿದ್ರೆ ಸರಿಯಾಗಿ ಬರದಂತಾಯಿತು.

"ಮೇಷ್ಟ್ರೇ, ಸೊಂಟಕ್ಕೆ ಒಂದು ರಿವಾಲ್ವರು ಬೇಕು. ಅಂಗಿಯ ಕೆಳಗಿದ್ದರೆ ಯಾರ ಕಣ್ಣಿಗೂ ಬೀಳಬಾರದು. ಯಾವ ಬೋರು ಒಳ್ಳೆಯದು? ಮೂವತ್ತೆರಡು ಸಾಕೋ, ಅದಕ್ಕಿಂತ ದೊಡ್ಡದು ಬೇಕೋ? ಗುಂಡು ಎಂಥಾದ್ದು ತರಬೇಕು?" ಎಂದು ಅವರು ಕೇಳಿದರು.

ಅವರ ಪತ್ನಿಯು ಅಷ್ಟು ಹೊತ್ತು ಸುಮ್ಮನಿದ್ದವರು, "ಅದನ್ನ ಮನೇಲಿ ಎಲ್ಲಿ ಇಡ್ತಾರೆ ಅಂತ ಮೊದಲು ಕೇಳಿ ಮೇಷ್ಟ್ರೇ. ಆರು ವರ್ಷದ ಹುಡುಗ ಇದಾನೆ" ಎಂದರು.

ಸಂಸ್ಕೃತದ ಅಧ್ಯಾಪಕರಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೂ ರಿವಾಲ್ವರಿಗೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ತಂದೆಯವರಿಂದ ಬಂದ ಒಂದು ಜೋಡಿನಳಿಗೆಯ ಕೋವಿಗೆ ನಾವು ಬಹುಕಾಲ ಪರವಾನಿಗೆದಾರರಾಗಿದ್ದೆವು. ಆ ನಿಮಿತ್ತದಿಂದ ಕಾನೂನಿನ ಪುಸ್ತಕವನ್ನು ಓದಬೇಕಾಯಿತು. ಓದಿದ ತಪ್ಪಿಗೆ ನೆರೆಹೊರೆಯವರ ಅರ್ಜಿಗಳನ್ನು ಬರೆದುಕೊಡಬೇಕಾಯಿತು. ಅಂದು ಆ ದಂಪತಿಗಳಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

ಮೊದಲು ಬೋರು ಎಂದರೇನೆಂಬುದನ್ನು ನೋಡೋಣ. ನಮ್ಮ ಮಲೆನಾಡಿನ ಮನೆಗಳಲ್ಲಿ ಸಾಮಾನ್ಯವಾಗಿರುವುದು ೧೨ ಬೋರಿನ ಕೋವಿ. ಒಂದು ಪೌಂಡು ಸೀಸವನ್ನು ಸಮನಾದ ೧೨ ಉಂಡೆಗಳಾಗಿ ಮಾಡಿದರೆ ಒಂದೊಂದು ಉಂಡೆಯು ಎಷ್ಟು ದಪ್ಪವಿರುವುದೋ ನಳಿಗೆಯ ಬಾಯಿ ಅಷ್ಟು ಅಗಲವೆಂದು ಇದರ ಅರ್ಥ. ಅಂದರೆ ಸುಮಾರು ೧೮.೫ ಮಿಲಿಮೀಟರು. ಆದ್ದರಿಂದಲೇ ೨೦ ಬೋರಿನ ಕೋವಿಯು ೧೨ ಬೋರಿನದಕ್ಕಿಂತ ಕಿರಿದು. ಅಂಕಿ ಬೆಳೆದಂತೆ ಬಾಯಿ ಸಣ್ಣದಾಗುತ್ತದೆ. ರಿವಾಲ್ವರು ಪಿಸ್ತೂಲುಗಳ ಲೆಕ್ಕ ಬೇರೆ. ಅಲ್ಲಿ ಮೂವತ್ತೆರಡು ಎಂದರೆ ಒಂದು ಅಂಗುಲದ ನೂರು ಭಾಗಗಳಲ್ಲಿ ಮೂವತ್ತೆರಡು. ಇಪ್ಪತ್ತೆರಡು ಎಂದರೆ ಇಪ್ಪತ್ತೆರಡು ಭಾಗ. ಇಲ್ಲಿ ಅಂಕಿ ಬೆಳೆದಂತೆ ಗುಂಡು ದಪ್ಪವಾಗುತ್ತದೆ.

ಇನ್ನು ಆಯ್ಕೆಯ ವಿಷಯ. ಅಮೆರಿಕದಂಥ ದೇಶಗಳಲ್ಲಿ ಗೃಹಸ್ಥನು ಅಂಗಡಿಗೆ ಹೋಗಿ ಹತ್ತು ಬಗೆಯ ಅಳತೆಗಳ ಗುಣದೋಷಗಳನ್ನು ಚರ್ಚಿಸುತ್ತ ನಿಲ್ಲಬಹುದು. ನಮ್ಮಲ್ಲಿ ಆ ಚರ್ಚೆಯ ಬಹುಭಾಗವನ್ನು ಕಾನೂನೇ ಮುಗಿಸಿದೆ. ೧೯೫೯ರ ಆಯುಧಗಳ ಅಧಿನಿಯಮದ ಕೆಳಗೆ ಮಾಡಿದ ನಿಯಮಗಳ ಪ್ರಕಾರ, ಸೈನ್ಯ ಪೊಲೀಸುಗಳಲ್ಲಿ ಬಳಕೆಯಾಗಿ ಬಂದ .೩೮೦, .೪೫೫, ೯ ಮಿಲಿಮೀಟರು, .೪೫ ಮುಂತಾದ ಸರ್ವಿಸ್ ತೋಟಾಗಳನ್ನು ಹಾರಿಸಬಲ್ಲ ಕೈಬಂದೂಕುಗಳು ನಿಷಿದ್ಧ ಬೋರಿನವು. ಅವುಗಳ ಪರವಾನಿಗೆ ಕೇಂದ್ರ ಸರಕಾರದ ಕೈಯಲ್ಲಿದೆ, ಸಾಮಾನ್ಯ ಗೃಹಸ್ಥನಿಗೆ ದೊರೆಯತಕ್ಕದ್ದಲ್ಲ. ಜಿಲ್ಲಾ ದಂಡಾಧಿಕಾರಿಗಳು ಕೊಡಬಹುದಾದ ಪರವಾನಿಗೆಯಲ್ಲಿ ಮುಖ್ಯವಾಗಿ ಉಳಿಯುವುದು .೩೨ ಬೋರಿನ ರಿವಾಲ್ವರು, .೩೨ ಬೋರಿನ ಪಿಸ್ತೂಲು, ಮತ್ತು ಇನ್ನೂ ಸಣ್ಣದಾದ .೨೨. ನೆರೆಯ ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯುಂಟು. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಲಾಯಿತು. ಹೇಮಾವತಿಯ ಈ ದಡದ ನಮಗೆ ಅದಿಲ್ಲ.

ಮೂವತ್ತೆರಡರ ಬಲವೆಷ್ಟು? ಕಾನ್ಪುರದ ಸರಕಾರಿ ಕಾರ್ಖಾನೆಯ ಆರು ಗುಂಡಿನ .೩೨ ರಿವಾಲ್ವರು ಸುಮಾರು ೭೦೦ ಗ್ರಾಮು ತೂಗುತ್ತದೆ. ಸ್ತ್ರೀಯರ ಕೈಚೀಲಕ್ಕೆಂದು ಅಲ್ಲಿಯೇ ೨೦೧೪ರಲ್ಲಿ ಹೊರಡಿಸಿದ 'ನಿರ್ಭೀಕ್' ಎಂಬುದು ಅರ್ಧ ಕಿಲೋಗ್ರಾಮು. ಆಗಿನ ಅದರ ಬೆಲೆ ೧,೨೨,೩೬೦ ರೂಪಾಯಿ. ಈ ರಿವಾಲ್ವರಿನ ಗುಂಡು ಸುಮಾರು ಆರೂವರೆ ಗ್ರಾಮು ತೂಕದ್ದು. ಹೊರಡುವಾಗ ಅದರ ಶಕ್ತಿ ಸುಮಾರು ೧೫೦ ಜೂಲು. ಸೈನ್ಯದ ೯ ಮಿಲಿಮೀಟರಿನ ಗುಂಡಿಗೆ ಇದರ ಮೂರರಷ್ಟು ಶಕ್ತಿಯುಂಟು. ನಮ್ಮ ಮನೆಯ ೧೨ ಬೋರಿನ ಈಡಿಗೆ ೨,೦೦೦ ಜೂಲಿಗೂ ಮಿಗಿಲಾಗಿ ಉಂಟು. ಹೀಗೆ ಅಂಕಿಗಳನ್ನು ಸಾಲಾಗಿಟ್ಟರೆ ಮೂವತ್ತೆರಡು ಬಡವನಂತೆ ಕಾಣುತ್ತದೆ. ನಮ್ಮ ಶಿಷ್ಯರ ಮುಖವೂ ಈ ಲೆಕ್ಕವನ್ನು ಕೇಳಿ ಸಣ್ಣದಾಯಿತು.

ಆದರೆ ದೊಡ್ಡ ಗುಂಡೇ ಮೇಲೆಂಬ ವಾದವು ನೂರು ವರ್ಷಗಳಿಗಿಂತ ಹಳೆಯದು, ಮತ್ತು ಇಂದಿಗೂ ತೀರ್ಮಾನವಾಗದ್ದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫಿಲಿಪ್ಪೀನ್ ದ್ವೀಪಗಳ ಮೋರೋ ಯೋಧರು .೩೮ ಬೋರಿನ ಗುಂಡುಗಳು ತಗುಲಿದರೂ ನಿಲ್ಲದೆ ಮೇಲೆ ಬಿದ್ದರೆಂದು ಅಮೆರಿಕದ ಸೈನ್ಯವು ದೂರಿಕೊಂಡಿತು. ೧೯೦೪ರಲ್ಲಿ ಪರೀಕ್ಷೆಗಳನ್ನು ಮಾಡಿ .೪೫ನ್ನು ಆರಿಸಿಕೊಂಡರು. ೧೯೮೬ರ ಏಪ್ರಿಲಿನಲ್ಲಿ ಮಯಾಮಿ ನಗರದಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ಎಫ್.ಬಿ.ಐ. ಇಲಾಖೆಯ ಇಬ್ಬರು ಅಧಿಕಾರಿಗಳು ಹತರಾದರು. ೯ ಮಿಲಿಮೀಟರು ಸಾಲದೆಂದು ಆ ಇಲಾಖೆಯವರು ಮೊದಲು ೧೦ ಮಿಲಿಮೀಟರನ್ನೂ ಅನಂತರ.೪೦ನ್ನೂ ಹಿಡಿದರು. ಮೂವತ್ತು ವರ್ಷ ತುಂಬುವಷ್ಟರಲ್ಲಿ ಅವರೇ ಪುನಃ ೯ ಮಿಲಿಮೀಟರಿಗೆ ಮರಳಿದರು. ದೊಡ್ಡ ತೋಟಾ ಕೈಯನ್ನು ಹೆಚ್ಚು ಒದೆಯುತ್ತದೆ, ಎರಡನೆಯ ಗುರಿಯನ್ನು ಕೆಡಿಸುತ್ತದೆ. ಗುಂಡು ಎಷ್ಟು ದಪ್ಪವೆಂಬುದಕ್ಕಿಂತ ಎಲ್ಲಿ ತಗುಲಿತೆಂಬುದೇ ಮುಖ್ಯ ಎಂಬುದು ಅವರು ಕೊನೆಗೆ ಕಂಡುಕೊಂಡ ಸಂಗತಿ. ನಿತ್ಯ ಅಭ್ಯಾಸವುಳ್ಳವರ ಗತಿಯೇ ಹೀಗಿರಲು, ವರ್ಷಕ್ಕೊಮ್ಮೆಯೂ ಗುರಿಯಿಡದ ಗೃಹಸ್ಥನು ಬೋರಿನ ಅಂಕಿಯಲ್ಲಿ ಧೈರ್ಯವನ್ನು ಹುಡುಕುವುದು ವ್ಯರ್ಥ. ಕಾನೂನು ಕೊಟ್ಟಿರುವ ಮೂವತ್ತೆರಡು ಸಾಕು. ಕೈಗೆ ಒಗ್ಗುವುದೇ, ಬೆರಳಿಗೆ ನಿಲುಕುವುದೇ ಎಂಬುದನ್ನು ಮಾತ್ರ ನೋಡತಕ್ಕದ್ದು.

ಗುಂಡಿನ ಆಕಾರದ ವಿಷಯವಾಗಿಯೂ ಒಂದು ಮಾತು. ತುದಿ ಟೊಳ್ಳಾದ ಅಥವಾ ಮೆತ್ತಗಾದ ಗುಂಡು ಮೈಯೊಳಗೆ ಅರಳಿ ಅಲ್ಲಿಯೇ ನಿಲ್ಲುತ್ತದೆ. ದುಂಡುಮೂತಿಯ ಗಟ್ಟಿ ಗುಂಡು ಮೈಯನ್ನು ತೂರಿಕೊಂಡು ಆಚೆ ಹೋಗಬಹುದು. ಅರಳುವ ಗುಂಡುಗಳಿಗೆ ಹೆಸರು ತಂದದ್ದು ಕಲ್ಕತ್ತೆಯ ಹತ್ತಿರದ ದಮ್‌ದಮ್ ಶಸ್ತ್ರಾಗಾರ. ೧೮೯೯ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು ಯುದ್ಧದಲ್ಲಿ ಅವುಗಳನ್ನು ಉಪಯೋಗಿಸಕೂಡದೆಂದು ಘೋಷಿಸಿದುವು. ಆಶ್ಚರ್ಯವೇನೆಂದರೆ, ಯುದ್ಧಕ್ಕೆ ಕ್ರೂರವೆಂದು ಬಿಟ್ಟ ಗುಂಡನ್ನೇ ಹಲವು ದೇಶಗಳ ಪೊಲೀಸರು, ಕಳ್ಳನನ್ನು ತೂರಿಕೊಂಡು ಹಿಂದಿರುವ ದಾರಿಹೋಕನಿಗೆ ತಗುಲದೆಂಬ ಕಾರಣದಿಂದ ಇಟ್ಟುಕೊಂಡಿದ್ದಾರೆ. ನಮ್ಮ ಗೃಹಸ್ಥನು ಇದರಿಂದ ಗ್ರಹಿಸತಕ್ಕ ಪಾಠವಿಷ್ಟು: ಗುಂಡಿಗೆ ಎದುರಿರುವವನು ಮಾತ್ರವಲ್ಲದೆ ಅವನ ಬೆನ್ನ ಹಿಂದಿರುವವನೂ ಲಕ್ಷ್ಯನೇ. ಹಲಗೆಯ ಗೋಡೆಯಾಚೆ ಮಲಗಿರುವ ಮಗುವೂ ಲೈನುಮನೆಯಲ್ಲಿ ಅಡಿಗೆ ಮಾಡುತ್ತಿರುವ ಆಳಿನ ಹೆಂಡತಿಯೂ ಆ ಲೆಕ್ಕಕ್ಕೆ ಸೇರಿದವರು.

ತೋಟಾಗಳನ್ನು ಕೊಳ್ಳುವಾಗ ನಳಿಗೆಯ ಮೇಲೆ ಕೊರೆದಿರುವ ಹೆಸರನ್ನು ಓದಿ ಅದೇ ಹೆಸರಿನವನ್ನು ಮಾತ್ರ ಕೊಳ್ಳತಕ್ಕದ್ದು. ರಿವಾಲ್ವರಿನ ಮೂವತ್ತೆರಡೂ ಪಿಸ್ತೂಲಿನ ಮೂವತ್ತೆರಡೂ ಹೆಸರಿನಲ್ಲಿ ಅವಳಿಗಳಾದರೂ ತೋಟಾಗಳು ಬೇರೆ ಬೇರೆ. ಒಂದರದನ್ನು ಇನ್ನೊಂದಕ್ಕೆ ತುಂಬಬಾರದು. ಕೋವಿಯಲ್ಲಿ ಈ ತಪ್ಪು ಪ್ರಾಣಕ್ಕೇ ಬರುತ್ತದೆ. ೨೦ ಬೋರಿನ ತೋಟಾ ೧೨ ಬೋರಿನ ನಳಿಗೆಯೊಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಹಿಂದಿನಿಂದ ಸರಿಯಾದ ತೋಟಾ ತುಂಬಿ ಹಾರಿಸಿದರೆ ನಳಿಗೆಯು ಕೈಯಲ್ಲೇ ಸಿಡಿಯುತ್ತದೆ. ಚರೆಯ ಗುರುತುಗಳನ್ನೂ ತಿಳಿದಿರಬೇಕು. ಒಂದು ಔನ್ಸು ಸೀಸಕ್ಕೆ ಎಲ್.ಜಿ. ಚರೆ ೬, ಎಸ್.ಜಿ. ೮, ಬಿ.ಬಿ. ೭೦, ನಾಲ್ಕನೆಯ ನಂಬರಿನವು ೧೭೦, ಆರನೆಯವು ೨೭೦. ಮೊದಲ ಎರಡು ಹಂದಿಯಂಥ ದೊಡ್ಡ ಪ್ರಾಣಿಯನ್ನು ಕೆಡಹುವಂಥವು, ಕೊನೆಯವು ಹಕ್ಕಿಗೆ. ಇವೆಲ್ಲ ಒಂದೇ ಗಾತ್ರದ ತೋಟಾದೊಳಗೆ ಅಡಗಿರುವುದರಿಂದ ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬುವವನು ತಾನೇನು ಮಾಡುತ್ತಿದ್ದೇನೆಂದು ಅರಿಯನು. ಮೇಲಾಗಿ ನಮ್ಮದು ಮಳೆಯ ಸೀಮೆ. ಕಾಗದದ ಹಳೆಯ ತೋಟಾಗಳು ತೇವಕ್ಕೆ ಉಬ್ಬುತ್ತವೆ, ಮದ್ದು ಕೆಡುತ್ತದೆ. ಕುದುರೆ ಬಿದ್ದರೂ ಈಡು ಹಾರದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾದು ಅನಂತರ ತೆರೆಯಬೇಕು. ತಡೆದು ಹಾರುವ ಈಡುಗಳುಂಟು.

"ಅಂಗಿಯ ಕೆಳಗೆ ಕಾಣದಂತಿರಬೇಕು" ಎಂದು ಶಿಷ್ಯರು ಹೇಳಿದರಷ್ಟೆ. ಕಾನೂನಿಗೂ ಅದೇ ಸಮ್ಮತ. ೨೦೧೬ರ ಆಯುಧಗಳ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲಿಯೇ ಇಟ್ಟುಕೊಂಡು ಒಯ್ಯಬೇಕು. ಝಳಪಿಸಿ ತೋರಿಸುವುದು ಅಪರಾಧ. ಮದುವೆ ಮೆರವಣಿಗೆಗಳಲ್ಲಿ ಹರ್ಷಕ್ಕಾಗಿ ಹಾರಿಸಿ ಇತರರನ್ನು ಅಪಾಯಕ್ಕೆ ಗುರಿಮಾಡುವವನಿಗೆ ೨೦೧೯ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆವಾಸವನ್ನಾಗಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನಾಗಲಿ ಎರಡನ್ನೂ ಆಗಲಿ ವಿಧಿಸಿದೆ. ಆದರೆ ಮುಚ್ಚಿಟ್ಟ ಆಯುಧವು ಬೇಕಾದ ಕ್ಷಣದಲ್ಲಿ ಕೈಗೆ ಬರುವುದೇ? ೧೯೮೩ರಲ್ಲಿ ಅಮೆರಿಕದ ಡೆನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿಯು ಒಂದು ಲೆಕ್ಕವನ್ನು ಪ್ರಕಟಿಸಿದನು: ಚೂರಿ ಹಿಡಿದ ಮನುಷ್ಯನು ೨೧ ಅಡಿಗಳನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ, ಪಳಗಿದ ಪೊಲೀಸನು ಸೊಂಟದ ಪಿಸ್ತೂಲನ್ನು ತೆಗೆದು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಆಷಾಢದ ಮಳೆಯಲ್ಲಿ ರೈನ್‌ಕೋಟಿನೊಳಗೆ ಸ್ವೆಟರು, ಸ್ವೆಟರಿನೊಳಗೆ ಅಂಗಿ, ಅಂಗಿಯ ಕೆಳಗೆ ರಿವಾಲ್ವರು, ಒಂದು ಕೈ ಜೀಪಿನ ಚಕ್ರದ ಮೇಲೆ—ಹೀಗಿರುವ ನಮ್ಮ ತೋಟಗಾರನಿಗೆ ಎಷ್ಟು ಸೆಕೆಂಡು ಬೇಕೆಂಬುದನ್ನು ಗಣಿತಶಾಸ್ತ್ರವಿಲ್ಲದೆಯೇ ಹೇಳಬಹುದು. ಕೊಂಬೆ ಅಡ್ಡವಿಟ್ಟ ಸಂಜೆ ಅವರನ್ನು ಕಾಪಾಡಿದ್ದು ಜೀಪಿನ ವೇಗ. ಅಂದು ಸೊಂಟದಲ್ಲಿ ರಿವಾಲ್ವರು ಇದ್ದಿದ್ದರೆ, ಅದರ ಧೈರ್ಯದಿಂದ ಪ್ರಾಯಶಃ ಅವರು ಗಾಡಿಯನ್ನು ನಿಲ್ಲಿಸುತ್ತಿದ್ದರು. ಈ ಮಾತನ್ನು ಹೇಳಿದಾಗ ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ.

ಶತ್ರುವು ಯಾರೆಂಬುದನ್ನೂ ವಿಚಾರಿಸಬೇಕಷ್ಟೆ. ನಮ್ಮ ಬೆಟ್ಟಗಳಲ್ಲಿ ರಾತ್ರಿ ದಾರಿಯಲ್ಲಿ ಎದುರಾಗುವವನು ಹೆಚ್ಚಾಗಿ ಕಳ್ಳನಲ್ಲ, ಕಾಡಾನೆ. ೨೦೨೩ರ ಆಗಸ್ಟ್ ೩೧ರಂದು ಆಲೂರು ತಾಲೂಕಿನಲ್ಲಿ, ಆನೆಗಳಿಗೆ ಅರಿವಳಿಕೆಯ ಮದ್ದನ್ನು ಹಾರಿಸುವುದರಲ್ಲಿ ಹೆಸರಾಂತ ನಿಪುಣರೊಬ್ಬರೇ ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಮಾಡಲು ಹೋಗಿ ಅದರ ತುಳಿತಕ್ಕೆ ಸಿಕ್ಕಿ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ ೪ರಂದು, ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನನೆಂಬ ಆನೆಯು ಸಕಲೇಶಪುರ ತಾಲೂಕಿನ ಯಸಳೂರಿನ ಕಾಡಿನಲ್ಲಿ ಮದವೇರಿದ ಕಾಡಾನೆಯೊಡನೆ ಕಾದಾಡಿ ಮಡಿಯಿತು. ಅಂಥ ಬಲಕ್ಕೆ ಆರೂವರೆ ಗ್ರಾಮಿನ ಸೀಸವು ಏನು ಮಾಡೀತು? ಕೆರಳಿಸೀತು, ಅಷ್ಟೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮೃಗವನ್ನು ಗಾಯಗೊಳಿಸಿದವನನ್ನು ಅಪರಾಧಿಯೆನ್ನುವುದಿಲ್ಲವಾದರೂ, ಬೆಳೆಗಾಗಿ ಅಥವಾ ಕೋಪದಿಂದ ಹಾರಿಸುವುದನ್ನು ಕ್ಷಮಿಸುವುದೂ ಇಲ್ಲ. ಆನೆಯ ವಿಷಯದಲ್ಲಿ ರಕ್ಷಣೆಯೆಂದರೆ ಅರಣ್ಯ ಇಲಾಖೆಯವರು ಕಳುಹಿಸುವ ಎಚ್ಚರಿಕೆಯನ್ನು ಓದಿ ಆ ಸಂಜೆ ಹೊರಗೆ ಹೊರಡದಿರುವುದೇ ಸರಿ.

ಇನ್ನು ಮನುಷ್ಯರೂಪಿನ ಶತ್ರು. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡಸಂಹಿತೆಯಲ್ಲಿದ್ದುದೇ ಬಹುಮಟ್ಟಿಗೆ ಇಲ್ಲಿಯೂ ಉಂಟು. ಪ್ರಾಣಕ್ಕೆ ಅಥವಾ ಭಾರಿ ಗಾಯಕ್ಕೆ ಹೆದರತಕ್ಕ ಕಾರಣವಿದ್ದಾಗ, ದರೋಡೆಯಾಗುತ್ತಿರುವಾಗ, ಸೂರ್ಯಾಸ್ತದ ಮೇಲೆ ಮನೆಯನ್ನು ಒಡೆದು ನುಗ್ಗಿದಾಗ, ಆ ಹಕ್ಕು ಎದುರಾಳಿಯ ಪ್ರಾಣದವರೆಗೂ ಹೋಗಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. ಕಣದಿಂದ ಮೆಣಸಿನ ಮೂಟೆಯನ್ನು ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸುವುದು ರಕ್ಷಣೆಯಲ್ಲ, ಕೊಲೆ. ಮೂಟೆಯ ಬೆಲೆ ಎಷ್ಟೇ ಇರಲಿ, ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲುಗಳಲ್ಲಿ ಕಳೆಯುವ ವರ್ಷಗಳಿಗೆ ಸರಿದೂಗದು. ಹೋದ ಪ್ರಾಣಕ್ಕಂತೂ ತೂಕವೇ ಇಲ್ಲ.

ಪರವಾನಿಗೆಯ ಕ್ರಮವು ಸಂಕ್ಷೇಪವಾಗಿ ಹೀಗೆ. ಅರ್ಜಿದಾರನಿಗೆ ೨೧ ವರ್ಷ ತುಂಬಿರಬೇಕು. ಕೈಬಂದೂಕಿಗೆ ಬೇಡುವವನು ಸಕಾರಣವನ್ನು ತೋರಿಸಬೇಕು, ಪೊಲೀಸರ ವರದಿಯಾಗಬೇಕು, ಆಯುಧವನ್ನು ಬಳಸುವ ಮತ್ತು ಇಡುವ ಕ್ರಮದಲ್ಲಿ ತರಬೇತಿ ಪಡೆಯಬೇಕು, ಸುರಕ್ಷಿತವಾಗಿ ಇಡುವುದಾಗಿ ಬರೆದುಕೊಡಬೇಕು. ಒಬ್ಬನಿಗೆ ಮೂರು ಆಯುಧಗಳವರೆಗೆ ಇದ್ದ ಮಿತಿಯನ್ನು ೨೦೧೯ರಲ್ಲಿ ಎರಡಕ್ಕೆ ಇಳಿಸಿ, ಪರವಾನಿಗೆಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದಾರೆ. ಎಷ್ಟು ತೋಟಾಗಳನ್ನು ಕೊಳ್ಳಬಹುದೆಂಬುದೂ ಪರವಾನಿಗೆಯ ಪುಸ್ತಕದಲ್ಲೇ ನಮೂದಾಗಿರುತ್ತದೆ. ಚುನಾವಣೆ ಬಂದರೆ ಆಯುಧವನ್ನು ಪೊಲೀಸು ಠಾಣೆಗೆ ಒಪ್ಪಿಸಬೇಕಾಗಿ ಬರುವುದುಂಟು. ಆದುದರಿಂದ ಅದೊಂದನ್ನೇ ನೆಚ್ಚಿಕೊಂಡು ದಾರಿ ನಡೆಯುವವನು ಚುನಾವಣೆಯ ತಿಂಗಳಲ್ಲಿ ಏನು ಮಾಡುವನೆಂಬುದನ್ನೂ ಮುಂಚಿತವಾಗಿ ಯೋಚಿಸತಕ್ಕದ್ದು.

ಇಷ್ಟನ್ನು ಹೇಳಿ ಮುಗಿಸಿದ ಮೇಲೆ, ಆ ಗೃಹಿಣಿಯು ಕೇಳಿದ ಪ್ರಶ್ನೆಗೆ ಉತ್ತರವು ಹಾಗೆಯೇ ಉಳಿದಿತ್ತು. ಅದಕ್ಕೆ ನಾವು ಪುಸ್ತಕದಿಂದ ಉತ್ತರ ಕೊಡಲಿಲ್ಲ. ನಮ್ಮ ಹಳೆಯ ಮನೆಯ ನಡುಮನೆಯಲ್ಲಿರುವ ಹಲಸಿನ ಕಂಬದ ಸಂಗತಿಯನ್ನು ಹೇಳಿದೆವು.

ನಮಗಾಗ ಹತ್ತು ವರ್ಷ; ನಮ್ಮ ಅಣ್ಣನಿಗೆ ಹದಿಮೂರು. ಗದ್ದೆಗೆ ಹಂದಿಯ ಕಾಟ ಹೆಚ್ಚಾಗಿದ್ದ ಕಾರ್ತಿಕದ ದಿನಗಳು. ತಂದೆಯವರು ರಾತ್ರಿ ಕಾವಲಿಗೆ ಹೋಗಿ, ಹಂದಿ ಬಾರದೆ, ಬೆಳಗಿನ ಜಾವ ದಣಿದು ಬಂದು ತುಂಬಿದ ಕೋವಿಯನ್ನು ಹಾಗೆಯೇ ಗೂಟಕ್ಕೆ ತೂಗುಹಾಕಿ ಮಲಗಿದರು. ಅವರಂತಹ ಎಚ್ಚರಿಕೆಯವರು ಇನ್ನೊಬ್ಬರಿರಲಿಲ್ಲ. ತಪ್ಪಿದ್ದು ಅದೊಂದೇ ಬೆಳಗ್ಗೆ. ಅಣ್ಣನು ಗೂಟದಿಂದ ಕೋವಿಯನ್ನು ಇಳಿಸಿ, ತಂದೆಯವರು ಮಾಡುವಂತೆ ಹೆಗಲಿ‌ಗೇರಿಸಿ, ನಮ್ಮ ಕಡೆಗೆ ತಿರುಗಿ ನಕ್ಕನು. ಅಷ್ಟರಲ್ಲಿ ತಾಯಿಯವರು ಹಾಲಿನ ಚೊಂಬನ್ನು ಹಿಡಿದು ಹಿತ್ತಿಲಿನ ಬಾಗಿಲಿನಿಂದ ಒಳಗೆ ಬಂದರು. ಈಡು ಹಾರಿತು. ಮನೆಯೆಲ್ಲ ಹೊಗೆ, ಕಿವಿ ಮುಚ್ಚಿದಂತಾಗಿ ಯಾವ ಶಬ್ದವೂ ಇಲ್ಲ. ಹೊಗೆ ತಿಳಿಯಾದಾಗ ತಾಯಿಯವರು ನಿಂತಲ್ಲಿಯೇ ನಿಂತಿದ್ದರು. ಚೊಂಬು ನೆಲದ ಮೇಲಿತ್ತು. ಅವರಿಗೆ ಒಂದು ಮೊಳ ಎಡಕ್ಕಿದ್ದ ಕಂಬದಲ್ಲಿ ಎಸ್.ಜಿ. ಚರೆಗಳು ಹೊಕ್ಕ ತೂತುಗಳಿದ್ದುವು. ತಂದೆಯವರು ಎದ್ದು ಬಂದು ಅಣ್ಣನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕೋವಿಯನ್ನು ತೆಗೆದುಕೊಂಡು ಮುರಿದು, ಉಳಿದ ಇನ್ನೊಂದು ತೋಟಾವನ್ನು ತೆಗೆದು ತಾಯಿಯವರ ಕೈಯಲ್ಲಿಟ್ಟರು. ಅಂದಿನಿಂದ ಕೋವಿಯು ಒಂದು ಪೆಟ್ಟಿಗೆಯಲ್ಲಿಯೂ ತೋಟಾಗಳು ಇನ್ನೊಂದರಲ್ಲಿಯೂ ಉಳಿದುವು. ಮೊದಲನೆಯದರ ಬೀಗದ ಕೈ ತಂದೆಯವರ ಜನಿವಾರದಲ್ಲಿ, ಎರಡನೆಯದು ತಾಯಿಯವರ ಸೊಂಟದ ಗೊಂಚಲಿನಲ್ಲಿ. ಇಬ್ಬರೂ ಕೂಡಿ ಒಪ್ಪದೆ ನಮ್ಮ ಮನೆಯಲ್ಲಿ ಕೋವಿಯು ತುಂಬಲ್ಪಡಲಿಲ್ಲ. ಅಣ್ಣನು ಮುಂದೆ ಆಯುಷ್ಯವಿರುವವರೆಗೂ ಪಟಾಕಿಯನ್ನು ಸಹ ಮುಟ್ಟಲಿಲ್ಲ.

ಸಕಲೇಶಪುರದ ಬಳಿ ೧೭೯೨ರಲ್ಲಿ ಟಿಪ್ಪೂ ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ನೋಡಿದವರು, ಮದ್ದನ್ನಿಡುತ್ತಿದ್ದರೆಂದು ಹೇಳುವ ನೆಲಮಾಳಿಗೆಯ ಕೋಣೆಗಳನ್ನೂ ನೋಡಿರಬಹುದು. ರಣವನ್ನೇ ಉಸಿರಾಡಿದವರು ಕೂಡ ಮದ್ದನ್ನು ತಾವು ಮಲಗುವಲ್ಲಿಂದ ಬೇರೆಯಾಗಿಡುತ್ತಿದ್ದರು. ಗೃಹಸ್ಥನು ಅದನ್ನು ದಿಂಬಿನ ಕೆಳಗಿಡುವುದು ಯಾವ ಜಾಣತನ?

ನಮ್ಮ ಪೂರ್ವಿಕರೂ ಈ ವಿಷಯವನ್ನು ಯೋಚಿಸದೆ ಬಿಟ್ಟವರಲ್ಲ. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಆಯುಧಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ ಎಂದು ವಿಂಗಡಿಸಿದ್ದಾರೆ: ಯಂತ್ರದಿಂದ ಬಿಡುವುದು, ಕೈಯಿಂದ ಎಸೆಯುವುದು, ಬಿಟ್ಟು ಮರಳಿ ಹಿಡಿಯುವುದು, ಬಿಡದೆ ಹಿಡಿದೇ ಹೋರಾಡುವುದು. ಗಾತ್ರಕ್ಕಿಂತ ಮೊದಲು, ಕೈಬಿಟ್ಟ ಮೇಲೆ ಅದು ನಮ್ಮ ವಶದಲ್ಲಿರುವುದೋ ಇಲ್ಲವೋ ಎಂಬುದನ್ನು ಅವರು ಕೇಳಿದರು. ಅಸ್ತ್ರವಿದ್ಯೆಯಲ್ಲಿಯೂ ಪ್ರಯೋಗವನ್ನು ಕಲಿತವನು ಉಪಸಂಹಾರವನ್ನೂ ಕಲಿತಿರಬೇಕು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಒಂದೇ ಅಸ್ತ್ರವನ್ನು ಬಿಡುತ್ತಾರೆ. ವ್ಯಾಸನಾರದರು ನಡುವೆ ನಿಂತು ಹಿಂತೆಗೆದುಕೊಳ್ಳಿರೆಂದಾಗ ಅರ್ಜುನನು ಹಿಂತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಹಾಗೆ ಹಿಂತೆಗೆಯಲಾಗದ ಅಸ್ತ್ರವು ಕೊನೆಗೆ ಹೋಗಿ ಬಿದ್ದದ್ದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ. ಈ ಕಥೆಯನ್ನು ಮೂವತ್ತು ವರ್ಷ ಪಾಠ ಹೇಳಿದಾಗಲೆಲ್ಲ ನಮಗೆ ಹಲಸಿನ ಕಂಬವು ನೆನಪಾಗುತ್ತಿತ್ತು. ರಿವಾಲ್ವರಿನ ಗುಂಡು ಯಂತ್ರಮುಕ್ತ, ಅದಕ್ಕೆ ಉಪಸಂಹಾರವಿಲ್ಲ. ಉಪಸಂಹಾರವೆಲ್ಲ ಬೆರಳು ಒತ್ತುವುದಕ್ಕೆ ಮೊದಲೇ, ಬೀಗದಲ್ಲಿಯೂ ಬುದ್ಧಿಯಲ್ಲಿಯೂ ಆಗಬೇಕು.

ಆದುದರಿಂದ ಆಯುಧವನ್ನು ಕೊಳ್ಳಬಯಸುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಕೊಳ್ಳಬೇಡಿರೆಂದು ನಾವು ಹೇಳುವವರಲ್ಲ. ನೆರೆಮನೆಗೆ ಒಂದು ಮೈಲಿ ದೂರವಿರುವ ಬೆಟ್ಟದ ಮನೆಯಲ್ಲಿ ವಾಸಿಸುವವರ ಭಯವನ್ನು ಪೇಟೆಯವರು ಹಗುರಾಗಿ ಎಣಿಸಬಾರದು. ಕೊಳ್ಳುವುದಾದರೆ ಕಾನೂನು ಒಪ್ಪಿದ ಬೋರು, ಕೈಗೆ ಒಗ್ಗುವ ತೂಕ, ನಳಿಗೆಯ ಹೆಸರಿಗೆ ಸರಿಯಾದ ಹೊಸ ತೋಟಾ, ವರ್ಷಕ್ಕೆ ಕೆಲವು ಸಲವಾದರೂ ಅಭ್ಯಾಸ. ಇವುಗಳಿಗಿಂತ ಮೊದಲು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ ಎರಡು, ಬೀಗದ ಕೈ ಎರಡು. ಅದಕ್ಕೂ ಮೊದಲು, ಆಯುಧ ಬೇಕಾಗುವ ಸಂದರ್ಭವನ್ನೇ ಕಡಿಮೆಮಾಡಿಕೊಳ್ಳಬಹುದೇ ಎಂಬ ವಿಚಾರ.

ಯುಗಾದಿಯ ಮಾರನೆಯ ದಿನ ಆ ದಂಪತಿಗಳು ಮಗನನ್ನೂ ಕರೆದುಕೊಂಡು ಪುನಃ ನಮ್ಮಲ್ಲಿಗೆ ಬಂದಿದ್ದರು. ಆಳುಗಳಲ್ಲಿ ಬಹುಪಾಲು ಜನರಿಗೆ ಈಗ ಕೂಲಿಯು ಬ್ಯಾಂಕಿನ ಖಾತೆಗೇ ಹೋಗುತ್ತಿದೆಯಂತೆ. ಉಳಿದವರಿಗಾಗಿ ತರುವ ಅಲ್ಪ ಹಣವನ್ನು ಇವರು ಗೊತ್ತಾದ ದಿನವಿಲ್ಲದೆ, ಹೊತ್ತು ನೆತ್ತಿಯ ಮೇಲಿರುವಾಗ, ರೈಟರನ್ನು ಜೊತೆಗೆ ಕೂರಿಸಿಕೊಂಡು ತರುತ್ತಾರೆ. ಮನೆಯಲ್ಲಿದ್ದ ಅಜ್ಜನ ಕಾಲದ ತೋಟಾ ಕೋವಿಗೆ ಕಬ್ಬಿಣದ ಪೆಟ್ಟಿಗೆಯಾಗಿದೆ; ತೋಟಾಗಳ ಪೆಟ್ಟಿಗೆಯ ಬೀಗದ ಕೈ ಆಕೆಯ ಗೊಂಚಲಿಗೆ ಸೇರಿದೆ.

"ರಿವಾಲ್ವರಿನ ಅರ್ಜಿ ಏನಾಯಿತಪ್ಪಾ?" ಎಂದು ಕೇಳಿದೆವು.

"ಮೂವತ್ತೆರಡು ಎಂದು ಬರೆದಿಟ್ಟಿದ್ದೇನೆ ಮೇಷ್ಟ್ರೇ. ರುಜು ಮಾತ್ರ ಇನ್ನೂ ಹಾಕಿಲ್ಲ. ಮುಂದಿನ ಕೊಯ್ಲಿನವರೆಗೆ ನೋಡೋಣ ಅಂತ" ಎಂದರು.

ನೋಡಿ ಮಾಡುವ ಕೆಲಸವಿದು, ಅವಸರದ್ದಲ್ಲ. ಹುಡುಗನು ಅಷ್ಟರಲ್ಲಿ ನಡುಮನೆಗೆ ಹೋಗಿ ಕಂಬದ ತೂತುಗಳಲ್ಲಿ ಬೆರಳಿಟ್ಟು ಒಂದೊಂದಾಗಿ ಎಣಿಸುತ್ತಿದ್ದನು. ಎಷ್ಟಾಯಿತೆಂದು ಅವನ ತಾಯಿ ಕೇಳಿದರು. ಒಂಬತ್ತು ಎಂದನು.